ಕರೆಂಟು, ನೀರು, ಗ್ಯಾಸು, ವಿಮೆ: ಯಾವುದಕ್ಕೆ ನಗದು, ಯಾವುದಕ್ಕೆ ಆಟೋ ಡೆಬಿಟ್?

ತುಂಗಾತೀರ
ಶಿವಮೊಗ್ಗದ ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ. ಮಗ, ಸೊಸೆ ಬೆಂಗಳೂರಲ್ಲಿ. ಖರ್ಚಿನ ಪಟ್ಟಿ ಇಷ್ಟು: ಮೆಸ್ಕಾಂ ಬಿಲ್, ನೀರಿನ ಬಿಲ್, ಫೈಬರ್ ಇಂಟರ್‌ನೆಟ್, ಎರಡು ಮೊಬೈಲ್ ರೀಚಾರ್ಜ್, ಸಿಲಿಂಡರ್, ಮೂರು ತಿಂಗಳಿಗೊಮ್ಮೆ ಎಲ್‌ಐಸಿ, ವರ್ಷಕ್ಕೊಮ್ಮೆ ಆರೋಗ್ಯ ವಿಮೆ, ಹಾಲು, ಪೇಪರ್, ಕೆಲಸದಾಕೆಯ ಸಂಬಳ. ಅಪ್ಪ ಇಲ್ಲಿಯವರೆಗೆ ಎಲ್ಲಕ್ಕೂ ನಗದೇ ಕೊಟ್ಟು ರಸೀದಿ ಫೈಲ್ ಮಾಡುತ್ತಾ ಬಂದಿದ್ದಾರೆ. ಈಗ ಮಂಡಿನೋವು, ಕೌಂಟರ್ ಸಾಲಿನಲ್ಲಿ ನಿಲ್ಲುವುದು ಕಷ್ಟ.

ಎಲ್ಲವನ್ನೂ ಅಪ್ಪನ ಪಿಂಚಣಿ ಖಾತೆಯಿಂದ ತಾನಾಗೇ ಕಡಿತವಾಗುವಂತೆ ಮಾಡಿಬಿಡುವುದು ಸರಿಯೇ? "ತಪ್ಪು ಬಿಲ್ ಬಂದ್ರೂ ದುಡ್ಡು ಹೋಗೇ ಬಿಡುತ್ತೆ, ಆಮೇಲೆ ಯಾರನ್ನ ಕೇಳೋದು" ಅನ್ನುವುದು ಅಪ್ಪನ ಆಕ್ಷೇಪ. ತಿಳಿದವರು ಬಿಡಿಸಿ ಹೇಳಿ.

ಪಾಸ್‌ಬುಕ್
ಅಪ್ಪನ ಆಕ್ಷೇಪ ನ್ಯಾಯವಾಗಿಯೇ ಇದೆ, ಅದನ್ನು ಬದಿಗಿಡಬೇಡಿ. "ನಗದೋ ಆಟೋನೋ" ಎಂದು ಇಡೀ ಪಟ್ಟಿಗೆ ಒಂದೇ ಉತ್ತರ ಇಲ್ಲ. ಪ್ರತಿ ಬಿಲ್‌ಗೂ ಎರಡು ಪ್ರಶ್ನೆ ಹಾಕಿ. ಮೊತ್ತ ಪ್ರತಿ ಸಲ ಬದಲಾಗುತ್ತದೆಯೇ? ತಡವಾದರೆ ಏನು ಕಳೆದುಕೊಳ್ಳುತ್ತೀರಿ? ಮೊತ್ತ ಸ್ಥಿರವಾಗಿದ್ದು ತಡವಾದರೆ ದೊಡ್ಡ ನಷ್ಟ ಇರುವುದು ವಿಮೆಯ ಕಂತು, ಸಾಲದ ಕಂತು. ಅವು ಆಟೋಗೆ ಹೋಗಲಿ. ಕರೆಂಟಿನಂತೆ ಮೊತ್ತ ಏರಿಳಿಯುವುದಕ್ಕೆ ಮಿತಿ ಹಾಕಿದ ಆಟೋ ಇರಲಿ, ಇಲ್ಲವೇ ಬಿಲ್ ನೋಡಿ ಕೈಯಾರೆ ಕಟ್ಟಿ. ಹಾಲು, ಪೇಪರ್, ಮನೆಕೆಲಸ ಮನುಷ್ಯರ ನಡುವಿನ ಲೆಕ್ಕ, ಅಲ್ಲಿ ನಗದು ಚೆನ್ನಾಗಿಯೇ ನಡೆಯುತ್ತದೆ.

"ಆಟೋ" ಅನ್ನುವ ಒಂದೇ ಮಾತಿನ ಹಿಂದೆ ಬೇರೆ ಬೇರೆ ದಾರಿಗಳಿವೆ. ಜನ ಇವನ್ನು ಒಂದೇ ಅಂದುಕೊಳ್ಳುವುದರಿಂದಲೇ ಮುಕ್ಕಾಲು ಗೊಂದಲ.

ಮೊದಲನೆಯದು ನ್ಯಾಚ್, ಅಂದರೆ ಬ್ಯಾಂಕ್ ಖಾತೆಯಿಂದ ನೇರ ಕಡಿತದ ವ್ಯವಸ್ಥೆ, ಹಿಂದಿನ ಇಸಿಎಸ್‌ನ ಜಾಗಕ್ಕೆ ಬಂದದ್ದು. ಸಾಲದ ಕಂತು, ಎಲ್‌ಐಸಿ, ಮ್ಯೂಚುವಲ್ ಫಂಡ್ ಸಾಮಾನ್ಯವಾಗಿ ಇದರಲ್ಲೇ. ಒಮ್ಮೆ ಅನುಮತಿಗೆ (ಇದಕ್ಕೇ ಮ್ಯಾಂಡೇಟ್ ಅನ್ನುವುದು) ಸಹಿ ಹಾಕಿ ಕೊಟ್ಟರೆ ಆ ಸಂಸ್ಥೆಯೇ ನಿಮ್ಮ ಬ್ಯಾಂಕಿಗೆ "ಇಷ್ಟು ಕೊಡಿ" ಎಂದು ಕಳಿಸುತ್ತದೆ. 2021ರ ಆಗಸ್ಟ್ 1ರಿಂದ ಇದು ಭಾನುವಾರ, ಹಬ್ಬದ ದಿನವೂ ನಡೆಯುತ್ತದೆ. "ನಾಳೆ ರಜೆ, ನಾಡಿದ್ದು ದುಡ್ಡು ಹಾಕಿದರಾಯಿತು" ಅನ್ನುವ ಹಳೆಯ ಲೆಕ್ಕ ಈಗ ನಡೆಯದು.

ಎರಡನೆಯದು ಯುಪಿಐ ಆಟೋಪೇ, 2020ರ ಜುಲೈನಲ್ಲಿ ಬಂದದ್ದು. ಯುಪಿಐ ಪಿನ್ ಹಾಕಿ ಅನುಮತಿ ಕೊಡುತ್ತೀರಿ. ಆಮೇಲೆ 15,000 ರೂ. ಒಳಗಿನ ಕಡಿತಕ್ಕೆ ಪಿನ್ ಕೇಳುವುದಿಲ್ಲ. ವಿಮೆ, ಮ್ಯೂಚುವಲ್ ಫಂಡ್, ಕ್ರೆಡಿಟ್ ಕಾರ್ಡ್ ಬಿಲ್‌ಗೆ ಮಾತ್ರ ಈ ಮಿತಿ 1 ಲಕ್ಷ. ಕಾರ್ಡ್ ಮೇಲಿನ ಇ-ಮ್ಯಾಂಡೇಟ್‌ಗೂ ಇದೇ ಮಿತಿಗಳು. ಎರಡರಲ್ಲೂ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಯಾರಿಗೆ, ಎಷ್ಟು, ಯಾವಾಗ ಎಂದು ಸಂದೇಶ ಬರಬೇಕು, ಆ ಒಂದು ಕಂತನ್ನು ಮಾತ್ರ ತಡೆಯುವ ಅವಕಾಶವೂ ಇರಬೇಕು. ಇದು ಆರ್‌ಬಿಐ ನಿಯಮ. ತಪ್ಪು ಬಿಲ್ ಬಗ್ಗೆ ಅಪ್ಪನ ಹೆದರಿಕೆಗೆ ನೇರ ಉತ್ತರ ಈ 24 ಗಂಟೆ. ಸಂದೇಶ ಹೋಗುವ ನಂಬರ್ ಯಾರ ಕೈಯಲ್ಲಿದೆ, ಅವರು ಅದನ್ನು ಓದುತ್ತಾರಾ ಅನ್ನುವುದರ ಮೇಲೆ ಅದರ ಬೆಲೆ ನಿಂತಿದೆ.

ಮೂರನೆಯದು ಭಾರತ್ ಕನೆಕ್ಟ್ ಜಾಲ, ಹಿಂದೆ ಭಾರತ್ ಬಿಲ್ ಪೇ ಅನ್ನುತ್ತಿದ್ದದ್ದು. ಬ್ಯಾಂಕಿನ ಆಪ್‌ನಲ್ಲೋ ಪಾವತಿ ಆಪ್‌ನಲ್ಲೋ ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ಗುರುತಿನ ಸಂಖ್ಯೆ) ಅಥವಾ ಬಿಲ್‌ನಲ್ಲಿರುವ ಖಾತೆ ಸಂಖ್ಯೆ ಹಾಕಿದರೆ ಬಿಲ್ ತಾನಾಗೇ ಬಂದು ಕೂರುತ್ತದೆ. ಅಲ್ಲಿಂದ ಕೈಯಾರೆ ಕಟ್ಟಬಹುದು, ಆಟೋ ಆನ್ ಮಾಡಲೂಬಹುದು.

ಪಿಂಚಣಿ ಖಾತೆಗೆ ಎಲ್ಲವನ್ನೂ ಜೋಡಿಸುವುದು ಬೇಡವೇ ಬೇಡ. ಕಾರಣ ಕೆಳಗೆ ಬರೆಯುತ್ತೇನೆ.

ಮೀಟರ್‌ಬೋರ್ಡ್
ಕರೆಂಟ್ ಬಿಲ್ ವಿಷಯ ನಾನು ಹೇಳುತ್ತೇನೆ. ಪಟ್ಟಿಯಲ್ಲಿ ಅತಿ ಹೆಚ್ಚು ತಪ್ಪಾಗುವ ಬಿಲ್ ಇದೇ.

ಮೀಟರ್ ರೀಡರ್ ಕೊಟ್ಟು ಹೋಗುವ ಉದ್ದದ ಚೀಟಿಯಲ್ಲಿ ಜನ ಕೊನೆಯ ಮೊತ್ತ ಮಾತ್ರ ನೋಡುತ್ತಾರೆ. ಮೊದಲು ನೋಡಬೇಕಾದದ್ದು ಮಧ್ಯದಲ್ಲಿರುವ ಎರಡು ಅಂಕಿ: ಹಿಂದಿನ ರೀಡಿಂಗ್, ಈಗಿನ ರೀಡಿಂಗ್. ಚೀಟಿ ಹಿಡಿದುಕೊಂಡು ಮೀಟರ್ ಮುಂದೆ ನಿಲ್ಲಿ. ಪರದೆಯಲ್ಲಿ ಸಂಖ್ಯೆಗಳು ಒಂದಾದ ಮೇಲೊಂದು ಬರುತ್ತವೆ, ಅದರಲ್ಲಿ ಕೆಡಬ್ಲ್ಯುಎಚ್ ಎಂದು ತೋರಿಸುವಾಗಿನ ಅಂಕಿ ಬೇಕು. ಅದು ಚೀಟಿಯ ಈಗಿನ ರೀಡಿಂಗ್‌ಗಿಂತ ತುಸು ಹೆಚ್ಚಿರಬೇಕು. ಕಡಿಮೆ ಇದ್ದರೆ ತಪ್ಪು ಬರೆದಿದ್ದಾರೆ ಎಂದೇ ಅರ್ಥ. ಗೇಟ್ ಬೀಗ ಹಾಕಿದ್ದರೆ ಸರಾಸರಿ ಬಿಲ್ ಹಾಕುತ್ತಾರೆ. ಮುಂದಿನ ಸಲ ರೀಡಿಂಗ್ ತೆಗೆದಾಗ ಅದು ಸರಿಹೊಂದಬೇಕು, ಹೊಂದಿದೆಯೇ ಎಂದು ನೀವೇ ಕೂಡಿಸಿ ಕಳೆದು ನೋಡಬೇಕು. ಆಟೋ ಹಾಕಿದ ಮನೆಗಳಲ್ಲಿ ತಪ್ಪುವುದು ಈ ಎರಡು ನಿಮಿಷದ ಕೆಲಸವೇ, ಯಾಕೆಂದರೆ ಚೀಟಿ ಗೇಟಿಗೆ ಸಿಕ್ಕಿಸಿದ್ದು ಹಾಗೇ ಮಳೆಗೆ ನೆನೆಯುತ್ತದೆ.

ಚೀಟಿ ಶಾಖದ ಕಾಗದದ್ದು. ಕೆಲವು ತಿಂಗಳಿಗೆ ಅಕ್ಷರ ಮಾಸಿ ಬಿಳಿಯಾಗುತ್ತದೆ. ನಗದು ರಸೀದಿಯೂ ಎಷ್ಟೋ ಕಡೆ ಅದೇ ಕಾಗದ. ಅಪ್ಪ ಫೈಲ್ ಮಾಡಿಟ್ಟ ಹಳೆಯ ರಸೀದಿಗಳನ್ನು ಒಮ್ಮೆ ತೆರೆದು ನೋಡಿ, ಓದಲು ಬರುವಂಥವನ್ನು ಈಗಲೇ ಫೋಟೋ ತೆಗೆದಿಡಿ.

ಗೃಹಜ್ಯೋತಿ ಇರುವ ಮನೆಯಾದರೆ ಇನ್ನೊಂದು ಸೂಕ್ಷ್ಮ ಇದೆ. 2022-23ರ ಸರಾಸರಿ ಬಳಕೆಯ ಮೇಲೆ ನಿಮ್ಮ ಉಚಿತ ಯೂನಿಟ್ ನಿಗದಿಯಾಗಿರುತ್ತದೆ. ಅದರೊಳಗಿದ್ದರೆ ಸೊನ್ನೆ ಬಿಲ್. ಮೀರಿದರೆ ಮೀರಿದ್ದಕ್ಕೆ ಮಾತ್ರ ಹಣ. ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿತೋ, ಆ ತಿಂಗಳು ಪೂರ್ತಿ ಬಿಲ್ ನಿಮ್ಮದೇ. 2025-26ರ ದರದಲ್ಲಿ ಲೆಕ್ಕ ಹಾಕಿ: ಯೂನಿಟ್‌ಗೆ 5.80 ರೂ., ಪ್ರತಿ ಕಿಲೋವ್ಯಾಟ್‌ಗೆ ನಿಗದಿತ ಶುಲ್ಕ 145 ರೂ., ಯೂನಿಟ್‌ಗೆ 36 ಪೈಸೆ ಪಿಂಚಣಿ ಮತ್ತು ಗ್ರಾಚ್ಯುಟಿ ಸರ್‌ಚಾರ್ಜ್, ವಿದ್ಯುತ್ ತೆರಿಗೆ ಶೇ. 9. ಮೂರು ಕಿಲೋವ್ಯಾಟ್ ಸಂಪರ್ಕದಲ್ಲಿ 210 ಯೂನಿಟ್ ಸುಟ್ಟರೆ ಸುಮಾರು 1,840 ರೂ. ಆಗುತ್ತದೆ, ಇಂಧನ ಹೊಂದಾಣಿಕೆ ಶುಲ್ಕ ಬೇರೆ. ಅಂದರೆ ಹತ್ತು ತಿಂಗಳು ಸೊನ್ನೆ ಬಂದು ಏಪ್ರಿಲ್‌ನಲ್ಲಿ ಒಮ್ಮೆಲೇ ಎರಡು ಸಾವಿರದ ಹತ್ತಿರ ಬರಬಹುದು. ಆಟೋಪೇ ಮಿತಿಯನ್ನು ಸೊನ್ನೆ ಬಿಲ್ ನೋಡಿ 500 ರೂ. ಎಂದು ಇಟ್ಟಿದ್ದರೆ ಆ ತಿಂಗಳು ಕಡಿತವೇ ಆಗುವುದಿಲ್ಲ. ಹಣ ಕಟ್ಟಿದೆ ಅಂತ ನೀವು ನಿಶ್ಚಿಂತೆಯಿಂದ ಇರುತ್ತೀರಿ, ಬಿಲ್ ಹಾಗೇ ಬಾಕಿ ನಿಂತಿರುತ್ತದೆ.

ಮಿತಿ ಇಡುವ ನನ್ನ ಅಳತೆ: ಕಳೆದ ವರ್ಷದ ಮಾರ್ಚ್‌ನಿಂದ ಮೇ ಒಳಗಿನ ಅತಿ ದೊಡ್ಡ ಬಿಲ್ ತೆಗೆದುಕೊಂಡು ಅದಕ್ಕೆ ಅರ್ಧ ಸೇರಿಸಿ. ಅದಕ್ಕಿಂತ ಮೇಲೆ ಬಂದದ್ದು ತಪ್ಪು ಬಿಲ್ ಆಗಿರುವ ಸಾಧ್ಯತೆಯೇ ಹೆಚ್ಚು, ಅದು ನಿಲ್ಲಲಿ, ನೋಡಿ ಕಟ್ಟೋಣ.

ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ. ಎಸ್ಕಾಂಗಳು, ಅಂದರೆ ಮೆಸ್ಕಾಂನಂಥ ವಿದ್ಯುತ್ ಕಂಪನಿಗಳು, ಎರಡು ತಿಂಗಳ ಸರಾಸರಿ ಬಿಲ್‌ಗೆ ಸಮನಾದ ಭದ್ರತಾ ಠೇವಣಿ ಇಟ್ಟುಕೊಳ್ಳುತ್ತವೆ. ಬಳಕೆ ಏರಿದರೆ ವರ್ಷಕ್ಕೊಮ್ಮೆ ಹೆಚ್ಚುವರಿ ಠೇವಣಿಗೆ ನೋಟಿಸ್ ಬರುತ್ತದೆ. ತಿಂಗಳ ಬಿಲ್ ಆಟೋದಲ್ಲಿ ಹೋಗುತ್ತಿದೆ ಎಂದು ಈ ನೋಟಿಸ್ ಕಡೆಗಣಿಸಬೇಡಿ, ಅದು ಬೇರೆಯೇ ಬಾಕಿ. ಆ ಠೇವಣಿಗೆ ಬಡ್ಡಿಯೂ ಉಂಟು, ವರ್ಷಕ್ಕೊಮ್ಮೆ ಬಿಲ್‌ನಲ್ಲೇ ಜಮಾ ತೋರಿಸುತ್ತಾರೆ. ಬಂದಿದೆಯೇ ನೋಡಿಕೊಳ್ಳಿ.

ಸಾಸಿವೆಡಬ್ಬಿ
ನಗದಿನ ಪರವಾಗಿ ಒಬ್ಬರಾದರೂ ಗಟ್ಟಿಯಾಗಿ ಮಾತಾಡಬೇಕು.

ತಿಂಗಳ ಮೊದಲ ವಾರ ಬ್ಯಾಂಕಿನಿಂದ ಒಂದೇ ಸಲ ಹಣ ತಂದು, ಒಂದೊಂದು ಖರ್ಚಿಗೆ ಒಂದೊಂದು ಕವರಿನಲ್ಲಿ ಹಾಕಿ, ಕವರಿನ ಮೇಲೆ ಮೊತ್ತ ಬರೆದಿಟ್ಟರೆ ತಿಂಗಳ ಮಧ್ಯೆ ಎಷ್ಟು ಉಳಿದಿದೆ ಎಂದು ಕೈಗೆ ಗೊತ್ತಾಗುತ್ತದೆ. ಹಿರಿಯರಿಗೆ ಇದು ಲೆಕ್ಕವೂ ಹೌದು, ಹಿಡಿತವೂ ಹೌದು. ಅದನ್ನು ಕಿತ್ತುಕೊಂಡು ಎಲ್ಲವನ್ನೂ ಮಗನ ಫೋನಿಗೆ ಹಾಕಿದರೆ ಮನೆಯ ಯಜಮಾನಿಕೆಯೇ ಕೈತಪ್ಪಿದ ಹಾಗೆ ಅವರಿಗೆ ಅನಿಸುತ್ತದೆ. ಈ ಮಾತನ್ನು ಯಾವ ಆಪ್ ಕೂಡ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಮಕ್ಕಳು ತೆಗೆದುಕೊಳ್ಳಬೇಕು.

ನಗದು ಕಟ್ಟುವವರು ಕೌಂಟರ್ ಬಿಟ್ಟು ಕದಲುವ ಮೊದಲು ರಸೀದಿಯಲ್ಲಿ ನಾಲ್ಕು ಓದಿಕೊಳ್ಳಬೇಕು: ಆರ್‌ಆರ್ ನಂಬರ್ ಅಥವಾ ಖಾತೆ ಸಂಖ್ಯೆಯ ಒಂದೊಂದು ಅಂಕಿ, ಮೊತ್ತ, ದಿನಾಂಕ, ರಸೀದಿ ಸಂಖ್ಯೆ. ಒಂದು ಅಂಕಿ ತಪ್ಪಿದರೆ ಹಣ ಬೇರೆಯವರ ಖಾತೆಗೆ ಜಮಾ ಆಗುತ್ತದೆ. ಕಿಟಕಿಯಲ್ಲೇ ಹೇಳಿದರೆ ಐದು ನಿಮಿಷದ ಕೆಲಸ, ಮಾರನೆಯ ದಿನ ಹೋದರೆ ಅರ್ಜಿ, ರಸೀದಿ ನಕಲು, ಉಪವಿಭಾಗದ ಕಂದಾಯ ಶಾಖೆಗೆ ಅಲೆದಾಟ. ಲೈನ್‌ಮನ್ ಕೈಗೋ ಮೀಟರ್ ರೀಡರ್ ಕೈಗೋ "ನೀವೇ ಕಟ್ಟಿಬಿಡಿ" ಎಂದು ಹಣ ಕೊಡಲೇಬೇಡಿ, ಎಷ್ಟೇ ಪರಿಚಯದವರಾಗಿರಲಿ.

ಸಿಲಿಂಡರ್‌ಗೂ ನಗದು ಸರಿ. ಬಿಲ್‌ನಲ್ಲಿ ಎಷ್ಟಿದೆಯೋ ಅಷ್ಟನ್ನೇ ಎಣಿಸಿ ಚಿಲ್ಲರೆ ಸಮೇತ ಕೊಡಿ, ಮನೆ ಬಾಗಿಲಿಗೆ ತಂದದ್ದಕ್ಕೆ ಮೇಲೆ ಕೇಳಿದರೆ ಬಿಲ್ ತೋರಿಸಿ. ಸಿಲಿಂಡರ್ ಇಳಿಸಿ, ಸೀಲ್ ನೋಡಿ, ತೂಕ ಮಾಡಿಸಿದ ಮೇಲೆಯೇ ಫೋನಿಗೆ ಬಂದ ಡೆಲಿವರಿ ಕೋಡ್ ಹೇಳಿ. ಸಿಲಿಂಡರ್ ಕೊರಳಿನ ಹತ್ತಿರ ಬರೆದ ಖಾಲಿ ತೂಕಕ್ಕೆ 14.2 ಕಿಲೋ ಸೇರಿಸಿದರೆ ಬರಬೇಕಾದ ತೂಕ. ಕೋಡ್ ಮೊದಲೇ ಹೇಳಿಬಿಟ್ಟರೆ ಆಮೇಲೆ ಕೇಳುವ ಹಕ್ಕು ಸಡಿಲವಾಗುತ್ತದೆ.

ಬಯಲುಸೀಮೆ
ಸಾಸಿವೆಡಬ್ಬಿ ಅಕ್ಕಾರು ಹೇಳಿದ್ದು ಖರೇ ಐತಿ. ಹಳ್ಳಿ ಮಂದಿ ಸಲುವಾಗಿ ಒಂದೆರಡು ಮಾತು ಕೂಡಸ್ತೀನ್ರಿ.

ಹಳ್ಯಾಗ ಗ್ರಾಮ ಒನ್, ಊರಾಗ ಕರ್ನಾಟಕ ಒನ್, ಬೆಂಗಳೂರಾಗ ಬೆಂಗಳೂರು ಒನ್. ಇಲ್ಲೆಲ್ಲಾ ನಗದು ಕೊಟ್ರ ಅವರು ಆನ್‌ಲೈನ್ ಕಟ್ಟಿ ರಸೀದಿ ಕೊಡ್ತಾರ. ಅಂದ್ರ ನಿಮ್ಮ ಕೈಯಿಂದ ಹೋಗೋದು ನೋಟು, ಎಸ್ಕಾಂಗೆ ಮುಟ್ಟೋದು ಬ್ಯಾಂಕಿನ ದಾರಿಯಿಂದ. ಅದಕ್ಕ ಅಲ್ಲೇ ನಿಂತು ಫೋನಿಗೆ ಮೆಸೇಜ್ ಬಂತೇನು ನೋಡ್ರಿ. ನೆಟ್ ಇಲ್ಲ, ಸಂಜೀಕ ಕಟ್ತೀನಿ ಅಂದ್ರ ದುಡ್ಡು ಬಿಟ್ಟು ಬರಬ್ಯಾಡ್ರಿ. ಗಡುವು ನಾಳೆ ಇದ್ದಾಗ ಅಂತೂ ಬ್ಯಾಡೇ ಬ್ಯಾಡ.

ಚಿಲ್ಲರೆ ತಗರಾರು ಭಾಳ ಇರ್ತಾವು. ಹತ್ತು ರೂಪಾಯಿ ನಾಣ್ಯ ನಡಿಯಂಗಿಲ್ಲ ಅಂತ ಇನ್ನೂ ಕೆಲವು ಕಡೆ ಅಂತಾರ. ಕಾನೂನು ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕ ಮ್ಯಾಲಿನ ನಾಣ್ಯ 1,000 ರೂಪಾಯಿತನಕ ನಡೀಬೇಕು. 2011ರ ನಾಣ್ಯ ಕಾಯ್ದೆ ಅದನ್ನ ಹೇಳ್ತೈತಿ.

ಇನ್ನೊಂದು, ಬ್ಯಾಂಕ್ ಕೂಡಿದ್ದು. ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನ್ಯಾಗ ಸೇರ್ತು. ಸಿಂಡಿಕೇಟ್ ಹೋಗಿ ಕೆನರಾ ಆಗಿದ್ದು 2020ರಾಗ. ಬ್ಯಾಂಕು ಕೂಡಿದಾಗ ಐಎಫ್‌ಎಸ್‌ಸಿ, ಕೆಲವೊಮ್ಮೆ ಖಾತೆ ನಂಬರೂ ಬದಲಾಗ್ತಾವು. ಆಗ ಹಳೇ ಮ್ಯಾಂಡೇಟ್ ಇನ್ನೂ ನಡದೈತೇನು ಅಂತ ಒಂದು ಕಂತು ಕಟ್ ಆಗೋತನಕ ಲಕ್ಷ್ಯ ಇಟ್ಟು ನೋಡ್ರಿ. ಎಲ್‌ಐಸಿ ಪಾಲಿಸಿ ಇದ್ದವರು ಅಂತೂ ನೋಡಾಕ ಬೇಕು.

ತುಂಗಾತೀರ
ತುಂಬಾ ಉಪಯೋಗ ಆಯಿತು. ಪಾಸ್‌ಬುಕ್ ಅವರೇ, ಪಿಂಚಣಿ ಖಾತೆ ಯಾಕೆ ಬೇಡ ಅಂದಿರಿ? ಎಲ್‌ಐಸಿ ಶಾಖೆಯಲ್ಲಿ ನ್ಯಾಚ್ ಫಾರಂ ಕೊಟ್ಟಿದ್ದಾರೆ, ತುಂಬುವಾಗ ಏನು ನೋಡಬೇಕು?

ಪಾಸ್‌ಬುಕ್
ಪಿಂಚಣಿ ಖಾತೆಯಲ್ಲಿ ಜೀವಮಾನದ ಉಳಿತಾಯ ಕೂತಿರುತ್ತದೆ. ಅದೇ ಖಾತೆಗೆ ಐದಾರು ಮ್ಯಾಂಡೇಟ್ ಜೋಡಿಸಿದರೆ ಒಂದು ಬಾಗಿಲಿಗೆ ಆರು ಕೀಲಿ ಮಾಡಿಸಿ ಹಂಚಿದ ಹಾಗೆ. ಇನ್ನೊಂದು ಉಳಿತಾಯ ಖಾತೆ ತೆರೆಯಿರಿ, ಅಪ್ಪ, ಅಮ್ಮ ಇಬ್ಬರ ಜಂಟಿ ಹೆಸರಲ್ಲಿ, "ಇಬ್ಬರಲ್ಲಿ ಯಾರಾದರೂ ಅಥವಾ ಬದುಕುಳಿದವರು" ಎಂಬ ನಿರ್ವಹಣೆಯಲ್ಲಿ. ಪಿಂಚಣಿ ಖಾತೆಯಿಂದ ಪ್ರತಿ ತಿಂಗಳು ನಿಗದಿತ ಮೊತ್ತ ಈ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಸ್ಥಾಯಿ ಸೂಚನೆ ಕೊಡಿ. ಎಲ್ಲ ಮ್ಯಾಂಡೇಟ್ ಇಲ್ಲಿಂದಲೇ. ಏನೇ ಎಡವಟ್ಟಾದರೂ ಹೋಗುವುದು ಈ ಖಾತೆಯಲ್ಲಿದ್ದಷ್ಟೇ. ಸಾಸಿವೆಡಬ್ಬಿ ಅವರ ಕವರು ಇದ್ದಂತೆಯೇ ಇದು, ಬ್ಯಾಂಕಿನೊಳಗಿನ ಕವರು. ವರ್ಷದ ವಿಮೆಯ ಕಂತುಗಳಿಗೆ ಬೇಕಾದ್ದನ್ನು ಹನ್ನೆರಡು ಭಾಗ ಮಾಡಿ ತಿಂಗಳು ತಿಂಗಳು ಸೇರಿಸಿಟ್ಟಿರಿ. ಖಾತೆಗೆ ಕನಿಷ್ಠ ಶಿಲ್ಕಿನ ಷರತ್ತು ಇದ್ದರೆ ಅದರ ಮೇಲೆ ಇನ್ನೊಂದು ಸಾವಿರ ಯಾವಾಗಲೂ ಉಳಿಯಲಿ.

ಈಗ ಫಾರಂ. ಮೇಲ್ಗಡೆ ಹೊಸತು, ಬದಲಾವಣೆ, ರದ್ದು ಎಂಬ ಮೂರು ಚೌಕ ಇರುತ್ತವೆ. ಹೊಸತಕ್ಕೆ ಟಿಕ್ ಹಾಕಿ. ಆಮೇಲೆ ಖಾತೆಯ ಬಗೆ, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ. ಮೊತ್ತದ ಜಾಗದಲ್ಲಿ ಅಂಕಿ ಮತ್ತು ಅಕ್ಷರ ಎರಡೂ ಹೊಂದಬೇಕು. ಅದರ ಹತ್ತಿರವೇ ಎರಡು ಆಯ್ಕೆ: ಸ್ಥಿರ ಮೊತ್ತ, ಗರಿಷ್ಠ ಮೊತ್ತ. ಜನ ಎಡವುವುದು ಇಲ್ಲೇ. ಸ್ಥಿರ ಎಂದು ಹಾಕಿದರೆ ಒಂದು ರೂಪಾಯಿ ವ್ಯತ್ಯಾಸವಾದರೂ ಕಡಿತ ತಿರಸ್ಕೃತವಾಗುತ್ತದೆ. ತೆರಿಗೆ ಬದಲಾದಾಗ ಕಂತು ಬದಲಾಗುವುದುಂಟು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆ, ಆರೋಗ್ಯ ವಿಮೆಗಳ ಮೇಲಿನ ಜಿಎಸ್‌ಟಿ ಸೊನ್ನೆಯಾದಾಗ ಕಂತುಗಳು ಬದಲಾದವು. ಆದ್ದರಿಂದ ಗರಿಷ್ಠ ಎಂದು ಹಾಕಿ, ಕಂತಿಗಿಂತ ಸ್ವಲ್ಪವೇ ಹೆಚ್ಚು ಬರೆಯಿರಿ. ಯಾರಾದರೂ "ಒಂದು ಲಕ್ಷ ಬರೆದುಬಿಡಿ ಸರ್, ಎಲ್ಲರೂ ಹಾಗೇ ಬರೆಯೋದು" ಅಂದರೆ ಒಪ್ಪಬೇಡಿ.

ಆವರ್ತನದಲ್ಲಿ ತ್ರೈಮಾಸಿಕ ಎಂದು ಟಿಕ್ ಮಾಡಿ. "ಯಾವಾಗ ಕಳಿಸಿದರೂ" ಅನ್ನುವ ಆಯ್ಕೆ ಅನಿವಾರ್ಯವಾದರೆ ಮಾತ್ರ. ಅವಧಿಯ ಕೊನೆಯ ದಿನಾಂಕವಾಗಿ ಪಾಲಿಸಿಯ ಕೊನೆಯ ಕಂತಿನ ತಿಂಗಳು ಬರೆಯಿರಿ. ಸಹಿ ಬ್ಯಾಂಕಿನ ದಾಖಲೆಯಲ್ಲಿರುವಂತೆಯೇ ಇರಬೇಕು. ಹಿರಿಯರ ಕೈ ನಡುಗಿ ಸಹಿ ಹೊಂದದೆ ಫಾರಂ ವಾಪಸಾಗುವುದು ಬಹಳ ಸಾಮಾನ್ಯ. ಮೊದಲೇ ಶಾಖೆಗೆ ಹೋಗಿ ಈಗಿನ ಸಹಿಯನ್ನು ಹೊಸದಾಗಿ ದಾಖಲು ಮಾಡಿಸಿ. ಡೆಬಿಟ್ ಕಾರ್ಡ್ ಅಥವಾ ಆಧಾರ್ ಮೂಲಕ ಇ-ಮ್ಯಾಂಡೇಟ್ ಮಾಡಿದರೆ ಸಹಿಯ ತೊಡಕೇ ಇಲ್ಲ.

ಮ್ಯಾಂಡೇಟ್ ನೋಂದಣಿಯಾದ ಮೇಲೆ 20 ಅಕ್ಷರಗಳ ಯುಎಂಆರ್‌ಎನ್ ಸಂಖ್ಯೆ ಸಿಗುತ್ತದೆ. ಪಾಸ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ. ಮುಂದೆ ರದ್ದು ಮಾಡಲು ಅದೇ ಬೇಕು. ನೋಂದಣಿಗೆ ದಿನ ಹಿಡಿಯುತ್ತದೆ, ಹತ್ತಿರದ ಕಂತನ್ನು ಕೈಯಾರೆಯೇ ಕಟ್ಟಿಬಿಡಿ.

ಖಾತೆಯಲ್ಲಿ ಹಣ ಸಾಲದೆ ನ್ಯಾಚ್ ವಾಪಸಾದರೆ ಬ್ಯಾಂಕ್ ದಂಡ ಹಾಕುತ್ತದೆ, ಸಾಮಾನ್ಯವಾಗಿ 250ರಿಂದ 500 ರೂ., ಮೇಲೆ ಶೇ. 18 ಜಿಎಸ್‌ಟಿ. ಅತ್ತ ಸಾಲ ಕೊಟ್ಟ ಸಂಸ್ಥೆಯೂ ಬೇರೆ ದಂಡ ಹಾಕುತ್ತದೆ. ಎರಡನೇ ಸಲ ಕಳಿಸಿ ಮತ್ತೆ ವಾಪಸಾದರೆ ಮತ್ತೊಮ್ಮೆ ದಂಡ. 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಂ ಇದನ್ನು ಚೆಕ್ ಬೌನ್ಸ್‌ನಂತೆಯೇ ಅಪರಾಧವಾಗಿ ನೋಡುತ್ತದೆ. ಹಾಗಾಗಿ ಪಿಂಚಣಿ ಜಮಾ ಆಗುವ ದಿನಕ್ಕೂ ಕಡಿತದ ದಿನಕ್ಕೂ ಐದು ದಿನ ಅಂತರ ಇರಲಿ.

ಲೆಕ್ಕದಮನೆ
ತೆರಿಗೆ ಕಡೆಯಿಂದ ಚಿಕ್ಕದಾಗಿ. ಆರೋಗ್ಯ ವಿಮೆ ಕಂತನ್ನು ನಗದಾಗಿ ಕಟ್ಟಿದರೆ ಅದಕ್ಕಿರುವ ಆದಾಯ ತೆರಿಗೆ ವಿನಾಯಿತಿ (1961ರ ಕಾಯ್ದೆಯಲ್ಲಿ 80ಡಿ) ಸಿಗುವುದಿಲ್ಲ. ಮುಂಜಾಗ್ರತಾ ತಪಾಸಣೆಗೆ ಮಾತ್ರ ನಗದು ನಡೆಯುತ್ತದೆ. ಇದೆಲ್ಲ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ. ಅಪ್ಪ, ಅಮ್ಮನ ವಿಮೆಯನ್ನು ಮಗ ತನ್ನ ಖಾತೆಯಿಂದ ಕಟ್ಟಿದರೆ ವಿನಾಯಿತಿ ಮಗನಿಗೆ, ಹಿರಿಯ ನಾಗರಿಕರ ವಿಮೆಗೆ 50,000 ರೂ. ತನಕ.

ಬಾಡಿಗೆ ಮನೆಯವರು ನಗದು ಬಾಡಿಗೆ ಕೊಟ್ಟರೆ 5,000 ರೂ. ಮೀರಿದ ಪ್ರತಿ ರಸೀದಿಗೂ ಒಂದು ರೂಪಾಯಿ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಮಾಲೀಕರ ಸಹಿ ಹಾಕಿಸಿಕೊಳ್ಳಿ. ವರ್ಷದ ಬಾಡಿಗೆ 1 ಲಕ್ಷ ಮೀರಿದರೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿ ಕೇಳಲು ಮಾಲೀಕರ ಪ್ಯಾನ್ ಕೂಡ ಬೇಕು.

ಆರೋಗ್ಯ ವಿಮೆಯ ನವೀಕರಣವನ್ನು ಮಾತ್ರ ಒಂದು ದಿನವೂ ತಪ್ಪಿಸಬೇಡಿ. ವಾರ್ಷಿಕ ಕಂತಿನ ಪಾಲಿಸಿಗೆ 30 ದಿನ ಹೆಚ್ಚುವರಿ ಗಡುವು ಇದೆ, ಅದರೊಳಗೆ ಕಟ್ಟಿದರೆ ಹಳೆಯ ಕಾಯಿಲೆಗಳ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರುವಾಗುವುದಿಲ್ಲ. ಆದರೆ ಆ ಖಾಲಿ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಆ ಖರ್ಚಿಗೆ ರಕ್ಷಣೆ ಇಲ್ಲ. ವಯಸ್ಸಿನ ಮೆಟ್ಟಿಲು ಏರಿದಾಗ ಕಂತೂ ಏರುತ್ತದೆ, ಹಳೆಯ ಮಿತಿಯ ಮ್ಯಾಂಡೇಟ್ ಆ ವರ್ಷ ಕೈಕೊಡುತ್ತದೆ. ನವೀಕರಣ ನೋಟಿಸ್ ಬಂದ ಕೂಡಲೇ ಮಿತಿ ಸಾಲುತ್ತದೆಯೇ ನೋಡಿ.

ಸಾಸಿವೆಡಬ್ಬಿ
ವಿಮೆಯ ವಿಷಯದಲ್ಲಿ ನಾನೂ ಒಪ್ಪುತ್ತೇನೆ, ಅದಕ್ಕೆ ನಗದು ಹಟ ಬೇಡ. ಆದರೆ ಹಾಲು, ಪೇಪರ್, ಮನೆಕೆಲಸಕ್ಕೆ ನಗದೇ ಇರಲಿ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ನೋಟಿಸ್ ಹೋದ ಮೇಲೆ ಬೆಂಗಳೂರಿನ ಬೇಕರಿ, ಹಾಲಿನಂಗಡಿಗಳೇ "ಯುಪಿಐ ಇಲ್ಲ" ಎಂದು ಬೋರ್ಡ್ ಹಾಕಿದ್ದವು. ಮನೆಯಲ್ಲಿ ಒಂದು ತಿಂಗಳಿಗೆ ಆಗುವಷ್ಟು ಸಣ್ಣ ನೋಟು ಇಲ್ಲದವರಿಗೆ ಆಗ ಅಡಚಣೆಯಾಯಿತು. ಹಾಲಿಗೆ ಕ್ಯಾಲೆಂಡರ್ ಮೇಲೇ ಗುರುತು ಹಾಕಿ: ಬಂದ ದಿನ ಪ್ಯಾಕೆಟ್ ಸಂಖ್ಯೆ, ಬಾರದ ದಿನ ಕಾಟು. ತಿಂಗಳ ಕೊನೆಗೆ ಇಬ್ಬರೂ ಕೂತು ಎಣಿಸಿದರೆ ಜಗಳವೇ ಇಲ್ಲ. ಕೆಲಸದಾಕೆಯ ಸಂಬಳ, ಮುಂಗಡ ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ, ಆಕೆಯ ಸಹಿಯೋ ಹೆಬ್ಬೆಟ್ಟೋ ಸಮೇತ.

ನಗದು ತರುವ ಖರ್ಚೂ ಲೆಕ್ಕಕ್ಕೆ ಬರಲಿ. ಸ್ವಂತ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಐದು ಸಲ ಉಚಿತ. ಬೇರೆ ಬ್ಯಾಂಕಿನದ್ದು ಬೆಂಗಳೂರಂಥ ಮಹಾನಗರದಲ್ಲಿ ಮೂರು, ಶಿವಮೊಗ್ಗದಲ್ಲಿ ಐದು. ಮೀರಿದರೆ ಪ್ರತಿ ಸಲಕ್ಕೆ 23 ರೂ. ತನಕ, ತೆರಿಗೆ ಬೇರೆ. ಐದು ಸಲ 500, 500 ಎಂದು ತೆಗೆಯುವ ಬದಲು ಒಂದೇ ಸಲ ಬೇಕಾದಷ್ಟು ತನ್ನಿ.

ಕಡಲತಡಿ
ಮಂಗಳೂರು, ಉಡುಪಿ ಕಡೆ ಮಕ್ಕಳು ಗಲ್ಫ್‌ನಲ್ಲಿದ್ದು ಇಲ್ಲಿ ಹಿರಿಯರು ಇರುವ ಮನೆಗಳು ಬಹಳ. ವಿದೇಶಕ್ಕೆ ಕೆಲಸಕ್ಕೆ ಹೋದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ಇಲ್ಲಿನ ಆದಾಯದ ಖಾತೆ) ಆಗಿ ಬದಲಿಸಬೇಕು. ಬದಲಿಸಿದ ಮೇಲೆ ಹಳೆಯ ಮ್ಯಾಂಡೇಟ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ. ಯುಎಇ, ಸೌದಿ, ಕತಾರ್, ಒಮಾನ್ ನಂಬರ್‌ಗಳಿಗೆ ಎನ್‌ಆರ್‌ಇ (ವಿದೇಶದ ಗಳಿಕೆ ಇಡುವ ಖಾತೆ) ಅಥವಾ ಎನ್‌ಆರ್‌ಒ ಖಾತೆಯ ಯುಪಿಐ ಜೋಡಿಸಲು 2023ರಲ್ಲೇ ಅವಕಾಶ ಆಗಿದೆ, ನಿಮ್ಮ ಬ್ಯಾಂಕ್ ಕೊಡುತ್ತದೆಯೇ ಕೇಳಿ.

ತುಂಗಾತೀರ ಅವರಿಗೆ ಬೇಕಾದ್ದು ಇದಕ್ಕಿಂತ ಸುಲಭ. ಅಪ್ಪನ ಮನೆಯ ಬಿಲ್ ಕಟ್ಟಲು ಅಪ್ಪನ ಖಾತೆಯೇ ಆಗಬೇಕು ಎಂದಿಲ್ಲ. ಮೆಸ್ಕಾಂ ಖಾತೆ ಸಂಖ್ಯೆಯನ್ನು ಮಗ ತನ್ನ ಆಪ್‌ನಲ್ಲಿ ಸೇರಿಸಿದರೆ ಬಿಲ್ ಅಲ್ಲಿಗೇ ಬರುತ್ತದೆ. ಅಪ್ಪ ಮೀಟರ್ ಫೋಟೋ ಕಳಿಸಲಿ, ಮಗ ಹೊಂದಿಸಿ ನೋಡಿ ಕಟ್ಟಲಿ. ಕಟ್ಟುವ ಕೆಲಸ ಬೆಂಗಳೂರಿನದ್ದು, ನೋಡುವ ಕೆಲಸ ಶಿವಮೊಗ್ಗದ್ದು. ಗಡುವಿಗೆ ನಾಲ್ಕು ದಿನ ಮೊದಲೇ ಕಟ್ಟಿ. ಹಣ ಹೋಗಿ ಬಿಲ್ ಬಾಕಿಯೇ ತೋರಿಸಿದರೆ ಗಾಬರಿಯಿಂದ ಎರಡನೇ ಸಲ ಕಟ್ಟಬೇಡಿ. ವಿಫಲವಾದ ಯುಪಿಐ ಬಿಲ್ ಪಾವತಿ ಐದು ದಿನದೊಳಗೆ ಇತ್ಯರ್ಥ ಆಗಬೇಕು, ಆಮೇಲೆ ದಿನಕ್ಕೆ 100 ರೂ. ಪರಿಹಾರ ಉಂಟು.

ಮೀಟರ್‌ಬೋರ್ಡ್
ಒಂದು ಎಚ್ಚರಿಕೆ ಸೇರಿಸುತ್ತೇನೆ. "ಹಿಂದಿನ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ಇಂದು ರಾತ್ರಿ 9.30ಕ್ಕೆ ಕರೆಂಟ್ ಕಡಿತ, ಈ ನಂಬರಿಗೆ ಕರೆ ಮಾಡಿ" ಎಂಬ ಸಂದೇಶ ಮೋಸದ್ದು. ಅದರಲ್ಲಿರುವ ನಂಬರಿಗೆ ಕರೆ ಮಾಡಿದರೆ ಒಂದು ಆಪ್ ಹಾಕಿಸಿಕೊಂಡು ಫೋನಿನ ಪರದೆಯನ್ನೇ ನೋಡುತ್ತಾರೆ. ನಗದು ಕಟ್ಟುವ ಹಿರಿಯರೇ ಇದಕ್ಕೆ ಹೆಚ್ಚು ಸಿಕ್ಕಿಬೀಳುವುದು, ಯಾಕೆಂದರೆ ಜಮಾ ಆಗಿದೆಯೋ ಇಲ್ಲವೋ ಎಂಬ ಅನುಮಾನ ಅವರಿಗೆ ಇದ್ದೇ ಇರುತ್ತದೆ. ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ ಕೇಳಿ. ಹಣ ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930. ಬ್ಯಾಂಕಿಗೂ ಅದೇ ದಿನ ದೂರು ಕೊಡಿ.

ತುಂಗಾತೀರ
ಹೀಗೆ ಮಾಡುತ್ತಿದ್ದೇವೆ: ಜಂಟಿ ಖಾತೆ ತೆರೆದು ಎಲ್‌ಐಸಿ, ಫೈಬರ್ ಅಲ್ಲಿಂದ ಆಟೋ. ಆರೋಗ್ಯ ವಿಮೆ ಮಗನ ಖಾತೆಯಿಂದ. ಕರೆಂಟು, ನೀರು ಮಗನ ಆಪ್‌ನಲ್ಲಿ, ಅಪ್ಪ ರೀಡಿಂಗ್ ನೋಡಿ ಹೇಳಿದ ಮೇಲೆ ಕೈಯಾರೆ. ಸಿಲಿಂಡರ್, ಹಾಲು, ಪೇಪರ್, ಸಂಬಳ ಅಮ್ಮನ ಕವರಿನಿಂದ ನಗದು. ಅಪ್ಪ ಒಪ್ಪಿದ್ದಾರೆ. ಕೊನೆಯದಾಗಿ ಒಂದು ಪ್ರಶ್ನೆ: ಹಳೆಯ ಒಂದು ಮ್ಯಾಂಡೇಟ್ ಪಿಂಚಣಿ ಖಾತೆಯಲ್ಲಿ ಉಳಿದಿದೆ, ಆ ಯೋಜನೆ ಮುಗಿದೇ ಹೋಗಿದೆ. ರದ್ದು ಮಾಡುವುದು ಹೇಗೆ?

ಪಾಸ್‌ಬುಕ್
ಯೋಜನೆ ಮುಗಿದರೂ ಮ್ಯಾಂಡೇಟ್ ಅವಧಿ ಇರುವತನಕ ಜೀವಂತ. ನೆಟ್‌ಬ್ಯಾಂಕಿಂಗ್‌ನಲ್ಲಿ ಮ್ಯಾಂಡೇಟ್ ಪಟ್ಟಿ ಇದ್ದರೆ ಅಲ್ಲೇ ರದ್ದು ಮಾಡಿ. ಇಲ್ಲದಿದ್ದರೆ ಶಾಖಾ ವ್ಯವಸ್ಥಾಪಕರಿಗೆ ಒಂದು ಪತ್ರ. ಖಾತೆ ಸಂಖ್ಯೆ, ಯುಎಂಆರ್‌ಎನ್, ಹಣ ಪಡೆಯುತ್ತಿದ್ದ ಸಂಸ್ಥೆಯ ಹೆಸರು, ಕೊನೆಯ ಕಡಿತದ ದಿನಾಂಕ ಮತ್ತು ಮೊತ್ತ ಬರೆಯಿರಿ. ಯುಎಂಆರ್‌ಎನ್ ಗೊತ್ತಿಲ್ಲದಿದ್ದರೆ ಕೊನೆಯ ಕಡಿತ ಇರುವ ಪಾಸ್‌ಬುಕ್ ಪುಟದ ನಕಲು ಲಗತ್ತಿಸಿ ಶಾಖೆಯಲ್ಲೇ ತೆಗೆಸಿ. ಆಮೇಲೆ ಈ ವಾಕ್ಯ ಇರಲಿ: "ಈ ಪತ್ರ ತಲುಪಿದ ದಿನದಿಂದ ಮೇಲ್ಕಂಡ ಮ್ಯಾಂಡೇಟನ್ನು ಹಿಂಪಡೆದಿದ್ದೇನೆ. ಇದರ ಮೇಲೆ ಬರುವ ಯಾವುದೇ ಡೆಬಿಟ್ ಕೋರಿಕೆಗೆ ನನ್ನ ಖಾತೆಯಿಂದ ಹಣ ಕೊಡಬಾರದು."

ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ಶಾಖೆಯ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಬರಬೇಡಿ. ಹಿಂಪಡೆದ ಮೇಲೂ ಕಡಿತವಾದರೆ ಅದಕ್ಕೆ ಹೊಣೆ ನಿಮ್ಮ ಬ್ಯಾಂಕೇ ಎಂದು ಆರ್‌ಬಿಐ 2019ರ ಸುತ್ತೋಲೆಯಲ್ಲಿ ಹೇಳಿದೆ. ಒಂದು ದಿನದೊಳಗೆ ಸರಿಪಡಿಸಬೇಕು, ತಡವಾದರೆ ದಿನಕ್ಕೆ 100 ರೂ. ಆ ಮೊಹರಿನ ದಿನಾಂಕವೇ ಅಲ್ಲಿ ಸಾಕ್ಷಿ. 30 ದಿನವಾದರೂ ಬ್ಯಾಂಕ್ ಉತ್ತರ ಕೊಡದಿದ್ದರೆ ಬ್ಯಾಂಕ್ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448.

ಇದರ ಜೊತೆಗೇ ಆ ಸಂಸ್ಥೆಗೂ ಒಂದು ಪ್ರತಿ ಸ್ಪೀಡ್ ಪೋಸ್ಟ್‌ನಲ್ಲೋ ಇಮೇಲ್‌ನಲ್ಲೋ ಕಳಿಸಿ. ಮುಂದಿನ ಎರಡು ತಿಂಗಳು, ಹಿಂದೆ ಕಡಿತ ಆಗುತ್ತಿದ್ದ ದಿನದ ಆಚೀಚೆ ಪಾಸ್‌ಬುಕ್ ನಮೂದು ಮಾಡಿಸಿ ನೋಡಿ.

ತುಂಗಾತೀರ
ಸೋಮವಾರ ಶಾಖೆಗೆ ಹೋಗುವಾಗ ಸಹಿ ಹೊಸದಾಗಿ ದಾಖಲಿಸುವುದು, ಈ ಪತ್ರ, ಸ್ಥಾಯಿ ಸೂಚನೆ ಮೂರನ್ನೂ ಒಂದೇ ಸಲ ಮುಗಿಸುತ್ತೇವೆ. ಅಪ್ಪ ಮೀಟರ್ ಪಕ್ಕದ ಗೋಡೆಗೆ ಒಂದು ರಟ್ಟು ತೂಗುಹಾಕಿ ಪ್ರತಿ ತಿಂಗಳ ರೀಡಿಂಗ್ ಬರೆಯಲು ಶುರು ಮಾಡಿದ್ದಾರೆ. ಎಲ್ಲರಿಗೂ ವಂದನೆಗಳು.